ನೀರನ್ನು ಮೆದುಗೊಳಿಸುವ ಯಂತ್ರವೂ ನಮ್ಮ ಮನೆಯ ಅನುಭವವೂ

ಕಲಬುರಗಿಯಲ್ಲಿ ಬಾಡಿಗೆಯ ಮನೆಯನ್ನು ಹುಡುಕಹೊರಟ ಗೃಹಸ್ಥನು ಮಾಲಕರಿಗೆ ಕೇಳುವ ಮೊದಲನೆಯ ಪ್ರಶ್ನೆಯು ನೀರಿನದಾಗಿರುತ್ತದೆ. 2021ನೆಯ ಇಸವಿಯಲ್ಲಿ ಖೂಬಾ ಪ್ಲಾಟಿನ ಒಂದು ಮನೆಯ ಮೇಲಂತಸ್ತನ್ನು ಹಿಡಿಯಹೋದಾಗ ನಾವೂ ಅದನ್ನೇ ಕೇಳಿದೆವು. ‘ನೀರಿಗೇನೂ ಕಡಿಮಿ ಇಲ್ರೀ. ಬೋರ್ ಅದ, ಯಾವಾಗ ತಿರುವಿದ್ರೂ ಬರ್ತಾವ’ ಎಂದು ಮಾಲಕರು ಹೇಳಿದರು. ಅವರ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನೀರು ಎಷ್ಟು ಬರುವದೆಂದು ಕೇಳಿದ ನಾವು ಎಂಥ ನೀರು ಬರುವದೆಂದು ಕೇಳದೆ ಹೋದೆವು. ಆ ತಪ್ಪು ನಮ್ಮದೇ.

ಮನೆಗೆ ಬಂದ ಮರುದಿನವೇ ಅದರ ಫಲವು ಕಾಣತೊಡಗಿತು. ನಮ್ಮ ಮನೆಯವರು ತೊಗರಿಬೇಳೆಯನ್ನು ಒಲೆಯ ಮೇಲಿಟ್ಟರು. ಕುಕ್ಕರು ಐದು ಸಲ ಕೂಗಿತು, ಏಳು ಸಲ ಕೂಗಿತು. ಮುಚ್ಚಳ ತೆಗೆದು ನೋಡಿದರೆ ಬೇಳೆಯು ಬಿಡಿಬಿಡಿಯಾಗಿ ತಳದಲ್ಲಿ ಕುಳಿತಿತ್ತು. ಆಳಂದದ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಅವ್ವನು ಅದನ್ನು ಬೆರಳಿನಿಂದ ಹಿಚುಕಿ ನೋಡಿ, ‘ತೊಗರಿ ನಾಡಿನಾಗ ಹುಟ್ಟಿ ಬ್ಯಾಳಿ ಬೇಯಲಾರದ ಮನಿ ನೋಡಿದ್ದು ಇದೇ ಮೊದಲ’ ಎಂದಳು. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕವೆಂಬ ಮಾನ್ಯತೆ ದೊರೆತದ್ದನ್ನು ವಾಚಕರು ಬಲ್ಲರು. ಅಂಥ ಬೇಳೆಯೂ ನಮ್ಮ ಬೋರಿನ ನೀರಿನ ಮುಂದೆ ಸೋತಿತು.

ಬೇಳೆಯೊಂದೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆವು. ಸಾಬೂನು ನೊರೆಯಾಗದೆ ಮೊಸರಿನಂತೆ ಒಡೆದು ಮೈಗೆ ಅಂಟಿಕೊಳ್ಳುವದು. ಬಿಳಿಯ ಅಂಗಿಗಳು ಮೂರು ತಿಂಗಳಲ್ಲಿ ಬೂದಿಯ ಬಣ್ಣ ತಾಳಿದವು. ಮಗಳು ತಲೆ ಬಾಚಿಕೊಂಡರೆ ಹಣಿಗೆಯ ತುಂಬ ಕೂದಲು. ಸ್ಟೀಲಿನ ಚರಗಿಗಳ ಮೇಲೆ ಬಿಳಿಯ ಕಲೆಗಳು ಬಿದ್ದವು. ಒಂದು ವರ್ಷ ತುಂಬುವದರೊಳಗೆ ಗೀಜರು ಕೆಟ್ಟಿತು. ಅದನ್ನು ಬಿಚ್ಚಿದ ಕೆಲಸಗಾರನು ಕಾಯಿಸುವ ಸುರುಳಿಯನ್ನು ನಮ್ಮ ಅಂಗೈಯಲ್ಲಿಟ್ಟನು; ಅದರ ಸುತ್ತಲೂ ಬೆರಳುದಪ್ಪ ಸುಣ್ಣದ ಹಕ್ಕಳೆ ಕಟ್ಟಿತ್ತು.

ಇಂಥ ನೀರಿಗೆ ಗಡಸು ನೀರೆಂದು ಹೆಸರು. ಅದರ ಕಾರಣವು ನಮ್ಮ ಕಾಲಡಿಯಲ್ಲಿಯೇ ಇರುವದು. ಮಳೆಯ ನೀರು ಸ್ವಭಾವತಃ ಮೆದುವಾದದ್ದು. ಅದು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಕೆಳಗಿಳಿಯುವಾಗ ಕಲ್ಲನ್ನು ತುಸುತುಸುವೇ ಕರಗಿಸುತ್ತ ಹೋಗುವದು. ನಮ್ಮ ಜಿಲ್ಲೆಯ ಕರಿಯ ನೆಲದ ಕೆಳಗೆ ಕೆಲವೆಡೆ ದಖ್ಖನದ ಕರಿಗಲ್ಲು, ಕೆಲವೆಡೆ ಸುಣ್ಣದ ಕಲ್ಲು. ಶಹಾಬಾದದ ಹಾಸುಗಲ್ಲೂ, ವಾಡಿ ಸೇಡಂಗಳ ಸಿಮೆಂಟೂ ಆ ಸುಣ್ಣದ ಕಲ್ಲಿನ ಪ್ರಸಾದವೇ. ಇವೆರಡು ಬಗೆಯ ಕಲ್ಲುಗಳಿಂದಲೂ ಕ್ಯಾಲ್ಸಿಯಂ ಮತ್ತು ಮೆಗ್ನೇಶಿಯಂ ಎಂಬ ಧಾತುಗಳು ನೀರಿಗೆ ಇಳಿಯುತ್ತವೆ. ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಅಂಟಿನಂಥ ಪದಾರ್ಥವನ್ನು ಕ್ಯಾಲ್ಸಿಯಂ ಇನ್ನೂ ಬಿಗಿಗೊಳಿಸುವದರಿಂದ ಬೇಳೆ ಬೇಯುವದಿಲ್ಲ. ಅದೇ ಕ್ಯಾಲ್ಸಿಯಂ ಸಾಬೂನಿನೊಡನೆ ಕೂಡಿ ಕರಗದ ಜಿಡ್ಡಾಗುವದರಿಂದ ನೊರೆ ಬರುವದಿಲ್ಲ. ಭೀಮಾ ನದಿಯಿಂದಲೂ ಬೆಣ್ಣೆತೊರೆಯಿಂದಲೂ ಊರಿಗೆ ಬರುವ ನಳದ ನೀರು ನಮ್ಮ ಬೋರಿನ ನೀರಿನಷ್ಟು ಗಡಸಾಗಿರಲಿಲ್ಲ. ಆದರೆ ಅದನ್ನು ಮೇಲಂತಸ್ತಿಗೆ ಕೊಡಗಳಲ್ಲಿ ಹೊತ್ತು ತುಂಬಿಡಬೇಕಾಗಿದ್ದಿತು; ಕುಡಿಯಲು ಸಾಕಾದರೆ ಅಡಿಗೆಗೆ ಸಾಲುತ್ತಿರಲಿಲ್ಲ.

ಹಿರಿಯರ ಉಪಾಯಗಳನ್ನು ಮೊದಲು ನೋಡಿದೆವು. ನೀರನ್ನು ಕುದಿಸಿ ಆರಿಸಿದರೆ ಸುಣ್ಣದ ಒಂದಂಶವು ತಳಕ್ಕೆ ಇಳಿಯುವದು. ಇದು ಚಹಾಕ್ಕೆ ಸಾಕು, ಸ್ನಾನಕ್ಕೆ ಸಾಲದು. ಬಟ್ಟೆ ಒಗೆಯಲು ವಾಷಿಂಗ್ ಸೋಡಾ ನಿಜವಾಗಿಯೂ ಉಪಯುಕ್ತವಾದದ್ದು. ತಲೆಗೆ ಅಂಟವಾಳಕಾಯಿಯೂ ಸೀಗೆಕಾಯಿಯೂ ಉತ್ತಮ. ಅವುಗಳ ನೊರೆಯು ಸಾಬೂನಿನಂತೆ ಗಡಸು ನೀರಿಗೆ ಒಡೆಯುವದಿಲ್ಲ. ಬೇಳೆಗೆ ಚಿಟಿಕೆ ಅಡಿಗೆ ಸೋಡಾ ಹಾಕುವ ಪದ್ಧತಿಯು ನಮ್ಮಲ್ಲಿ ಇದ್ದೇ ಇದೆ. ಆದರೆ ಅವ್ವನಿಗೆ ರಕ್ತದ ಒತ್ತಡದ ಉಪದ್ರವವಿದ್ದು, ವೈದ್ಯರು ಉಪ್ಪನ್ನೂ ಸೋಡಾವನ್ನೂ ಕಟ್ಟುನಿಟ್ಟಾಗಿ ಕಡಿಮೆ ಮಾಡಿಸಿದ್ದರು. ಅವಳು ಎರಡು ವರ್ಷದಿಂದ ಉಪ್ಪಿನಕಾಯಿಯನ್ನೂ ಹಪ್ಪಳವನ್ನೂ ವ್ರತದಂತೆ ಬಿಟ್ಟಿದ್ದಳು. ಆದುದರಿಂದ ಸೋಡಾದ ಮಾತನ್ನು ನಾವು ಎತ್ತಲಿಲ್ಲ.

ಕಡೆಗೆ ನೀರನ್ನು ಮೆದುಗೊಳಿಸುವ ಯಂತ್ರವನ್ನು ಕೊಳ್ಳುವದೆಂದು ನಿಶ್ಚಯಿಸಿದೆವು. ಇಡೀ ಮನೆಯ ಟಾಕಿಗೆ ಕೂಡಿಸುವ ದೊಡ್ಡ ಯಂತ್ರವು ಬಾಡಿಗೆಯವರಿಗೆ ತಕ್ಕದ್ದಲ್ಲ. ಕೊಳವೆ ಕಡಿಯಲು ಮಾಲಕರ ಒಪ್ಪಿಗೆ ಬೇಕು, ಬಿಟ್ಟುಹೋಗುವಾಗ ಅದು ಗೋಡೆಯಲ್ಲಿಯೇ ಉಳಿಯುವದು. ಅಮೇರಿಕೆಯಲ್ಲಿ ಮನೆಯಂತೆ ಕಟ್ಟಿದ ಮೋಟಾರು ಬಂಡಿಗಳಲ್ಲಿ ಊರೂರು ತಿರುಗುವ ಕುಟುಂಬಗಳಿವೆ. ಅವರು ತಂಗಿದಲ್ಲೆಲ್ಲ ಬೇರೆ ಬೇರೆ ನೀರು ದೊರೆಯುವದರಿಂದ ಕೈಯಲ್ಲಿ ಎತ್ತಿ ಒಯ್ಯಬಹುದಾದ ಚಿಕ್ಕ ಯಂತ್ರವನ್ನು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿಯ ಬಾಡಿಗೆಯ ಸಂಸಾರಗಳೂ ಒಂದು ಬಗೆಯ ಸಂಚಾರಿಗಳೇ ಅಲ್ಲವೆ? ಅಂಥ ಚಿಕ್ಕ ಯಂತ್ರವನ್ನೇ ನಾವು ಆರಿಸಿದೆವು. ಅದನ್ನು ಬಚ್ಚಲಿನ ನಳಕ್ಕೆ ಒಂದು ರಬ್ಬರು ಕೊಳವೆಯಿಂದ ಕೂಡಿಸಿದರೆ ಕೆಲಸವಾಯಿತು.

ಆರಿಸುವ ಬಗೆಯನ್ನು ಇಲ್ಲಿ ವಿವರಿಸುವದು ಅವಶ್ಯ. ಮೊದಲು ನೀರಿನ ಗಡಸನ್ನು ಅಳೆಯಬೇಕು. ಹನಿ ಹಾಕಿ ಬಣ್ಣ ನೋಡುವ ಚಿಕ್ಕ ಪೆಟ್ಟಿಗೆಯು ಅಂಗಡಿಯಲ್ಲಿ ಸಿಗುವದು. ಲೀಟರಿಗೆ ಎಷ್ಟು ಮಿಲಿಗ್ರಾಂ ಸುಣ್ಣವೆಂಬ ಲೆಕ್ಕದಲ್ಲಿ ಅದನ್ನು ಹೇಳುತ್ತಾರೆ. ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕದಲ್ಲಿ 200 ಮಿಲಿಗ್ರಾಮಿನ ವರೆಗೆ ಒಳ್ಳೆಯದು, ಬೇರೆ ನೀರಿಲ್ಲದಾಗ 600ರ ವರೆಗೆ ನಡೆಯಬಹುದು ಎಂದಿದೆ. ನಮ್ಮ ಬೋರಿನ ನೀರು 500ಕ್ಕೆ ನಿಂತಿತು.

ಎರಡನೆಯದಾಗಿ, ಯಂತ್ರದೊಳಗೆ ರೆಸಿನ್ ಎಂಬ ರಾಳದ ಕಾಳುಗಳು ಎಷ್ಟು ಲೀಟರು ಇವೆಯೆಂಬದನ್ನು ಕೇಳಬೇಕು. ಇವು ಗಸಗಸೆಯಷ್ಟು ಸಣ್ಣವು, ಜೇನಿನ ಬಣ್ಣದವು. ಒಂದು ಲೀಟರು ರೆಸಿನ್ ಒಂದು ಸಲಕ್ಕೆ ಸುಮಾರು 50 ಗ್ರಾಂ ಸುಣ್ಣವನ್ನು ಹಿಡಿಯಬಲ್ಲದೆಂದು ಲೆಕ್ಕ ಹಿಡಿಯಬಹುದು. ನಾವು ಕೊಂಡ ಯಂತ್ರದಲ್ಲಿ 10 ಲೀಟರು ಇದ್ದುದರಿಂದ ಅದು 500 ಗ್ರಾಂ ಹಿಡಿಯುವದು. ನಮ್ಮ ನೀರಿನ ಪ್ರತಿ ಲೀಟರಿನಲ್ಲಿ ಅರ್ಧ ಗ್ರಾಂ ಸುಣ್ಣ. ಅಂದರೆ ಒಂದು ಸಾವಿರ ಲೀಟರಿಗೆ ಅದರ ಶಕ್ತಿ ಮುಗಿಯುವದು. ದಿನಕ್ಕೆ 200 ಲೀಟರು ಬಳಸುವವರಿಗೆ ಐದು ದಿನ. ಈ ಗುಣಾಕಾರವನ್ನು ಮಾಡದೆ ಯಂತ್ರದ ಹೊಳಪನ್ನು ನೋಡಿ ಕೊಂಡವರು ವಾರದೊಳಗೆ ನಿರಾಶರಾಗುತ್ತಾರೆ. ಕೊಳವೆಗೆ ಅಯಸ್ಕಾಂತವನ್ನು ಕಟ್ಟಿದರೆ ನೀರು ಮೆದುವಾಗುವದೆಂದು ಮಾರುವವರೂ ಉಂಟು. ಅಯಸ್ಕಾಂತವು ನೀರಿನೊಳಗಿನ ಸುಣ್ಣವನ್ನು ತೆಗೆಯುವದಿಲ್ಲ. ಹನಿಯ ಪರೀಕ್ಷೆಯನ್ನು ಹಿಂದೆಯೂ ಮುಂದೆಯೂ ಮಾಡಿ ನೋಡಿದರೆ ಸತ್ಯವು ತಾನಾಗಿ ತಿಳಿಯುವದು.

ಆ ಕಾಳುಗಳ ವಿದ್ಯೆಯು ಒಕ್ಕಲುತನದಿಂದ ಹುಟ್ಟಿದ್ದೆಂಬದು ಸ್ವಾರಸ್ಯದ ಸಂಗತಿ. ಇಂಗ್ಲಂಡಿನಲ್ಲಿ 1850ರ ಸುಮಾರಿಗೆ ಥಾಂಪ್ಸನ್ ಮತ್ತು ವೇ ಎಂಬವರು ಗೊಬ್ಬರದ ನೀರನ್ನು ಮಣ್ಣಿನ ಮೂಲಕ ಸೋಸಿ ನೋಡಿದರು. ಮಣ್ಣು ಗೊಬ್ಬರದ ಸಾರವನ್ನು ಹಿಡಿದುಕೊಂಡು ಅದರ ಬದಲಿಗೆ ತನ್ನಲ್ಲಿದ್ದ ಸುಣ್ಣವನ್ನು ಬಿಟ್ಟುಕೊಟ್ಟಿತು. ಇದೊಂದು ಕೊಡುಕೊಳ್ಳುವ ವ್ಯಾಪಾರ. ಜಿಯೋಲೈಟ್ ಎಂಬ ಹರಳುಗಳಲ್ಲಿಯೂ ಇದೇ ಗುಣವಿದ್ದು, ಅವು ಪುಣೆ ನಾಶಿಕಗಳ ಕಡೆಯ ದಖ್ಖನದ ಕರಿಗಲ್ಲಿನ ಪೊಟರೆಗಳಲ್ಲಿ ಹೇರಳವಾಗಿ ಸಿಗುತ್ತವೆ. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಎಂಬ ಆಂಗ್ಲ ರಸಾಯನಜ್ಞರು ಆ ಗುಣವುಳ್ಳ ರಾಳವನ್ನೇ ತಯಾರಿಸಿ ತೋರಿಸಿದರು. ನಮ್ಮ ಯಂತ್ರದ ಕಾಳುಗಳು ಆ ಪರಂಪರೆಯವೇ. ಅವು ನೀರಿನ ಕ್ಯಾಲ್ಸಿಯಮ್ಮನ್ನು ಹಿಡಿದು ತಮ್ಮಲ್ಲಿಯ ಸೋಡಿಯಮ್ಮನ್ನು ನೀರಿಗೆ ಕೊಡುತ್ತವೆ. ಸೋಡಿಯಂ ಮುಗಿದಾಗ ಉಪ್ಪಿನ ನೀರು ಕುಡಿಸಿದರೆ ಮತ್ತೆ ತುಂಬಿಕೊಂಡು ಸಿದ್ಧವಾಗುತ್ತವೆ. ಈ ಕೊಡುಕೊಳ್ಳುವಿಕೆಯನ್ನು ವಾಚಕರು ಲಕ್ಷ್ಯದಲ್ಲಿಡಬೇಕು, ನಾವು ಇಡಲಿಲ್ಲ.

ಯಂತ್ರ ಬಂದ ದಿನ ಮನೆಯಲ್ಲಿ ಹಬ್ಬವೇ ಆಯಿತು. ಸಾಬೂನು ಕೈಯಲ್ಲಿ ಅರಳಿತು. ಅಡಿಗೆಯ ಮನೆಯವರೂ ಸುಮ್ಮನಿರಲಿಲ್ಲ. ಒಂದು ಕೊಡ ಮೆದು ನೀರನ್ನು ಒಯ್ದು ಬೇಳೆಗಿಟ್ಟರು. ಅದು ಮೂರು ಕೂಗಿಗೆ ಬೆಣ್ಣೆಯಂತೆ ಕರಗಿತು! ಅವ್ವನು ಪುಂಡಿಪಲ್ಯವನ್ನು ತಾನೇ ಕಡೆದು, ಜೋಳದ ರೊಟ್ಟಿಯೊಡನೆ ಎರಡು ಸಲ ಬಡಿಸಿಕೊಂಡು ಉಂಡಳು. ‘ನೀರು ಮೆತ್ತಗ ಆಗ್ಯಾವ, ನಂಗೂ ಹಲ್ಲಿಲ್ಲ, ಇಬ್ಬರಿಗೂ ಹೊಂದ್ಯದ’ ಎಂದು ನಕ್ಕಳು. ಅಂದಿನಿಂದ ಅಡಿಗೆಗೆಲ್ಲ ಅದೇ ನೀರಾಯಿತು. ನಳದ ಕೊಡ ಹೊರುವ ಬೇಸರದಿಂದ, ಕ್ರಮೇಣ ಕುಡಿಯುವದಕ್ಕೂ ಅದೇ ಆಯಿತು.

ಎರಡು ತಿಂಗಳ ಮೇಲೆ ವೈದ್ಯರಲ್ಲಿ ಹೋದಾಗ ಅವ್ವನ ರಕ್ತದ ಒತ್ತಡವು ಏರಿತ್ತು. ಪಾದಗಳಲ್ಲಿ ತುಸು ಬಾವೂ ಕಾಣುತ್ತಿತ್ತು. ‘ಅವ್ವಾರ, ಉಪ್ಪು ಬಿಟ್ಟೀರೋ ಇಲ್ಲೋ, ಖರೆ ಹೇಳ್ರಿ’ ಎಂದು ವೈದ್ಯರು ಕೇಳಿದರು. ‘ಬಿಟ್ಟೀನ್ರೀ’ ಎಂದಳು ಅವ್ವ. ವೈದ್ಯರು ನಮ್ಮ ಮುಖವನ್ನು ನೋಡಿದರು. ನಾವು ಅವ್ವನ ಮುಖವನ್ನು ನೋಡಿದೆವು. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ: ನಾವು ಆಕೆಯ ಮಾತನ್ನು ನಂಬಲಿಲ್ಲ. ಮನೆಗೆ ಬಂದವರೇ ಉಪ್ಪಿನಕಾಯಿಯ ಭರಣಿಯನ್ನು ಆಕೆಯ ಕೈಗೆಟುಕದಂತೆ ಅಟ್ಟದ ಮೇಲೆ ಇರಿಸಿದೆವು. ಅವ್ವನು ಜಗುಲಿಯ ಮೇಲೆ ಕುಳಿತು ಅದನ್ನು ನೋಡಿದಳು. ಒಂದು ಮಾತನ್ನೂ ಆಡಲಿಲ್ಲ. ಅಂದು ರಾತ್ರಿ ಹಸಿವಿಲ್ಲವೆಂದು ಮಜ್ಜಿಗೆ ಕುಡಿದು ಮಲಗಿದಳು.

ಸತ್ಯವು ಹೊರಬಿದ್ದುದು ಮಗಳಿಂದ. ಯಂತ್ರಕ್ಕೆ ಎಷ್ಟು ಉಪ್ಪು ಹಾಕಬೇಕೆಂಬದನ್ನು ನೋಡಲು ಅವಳು ಯಂತ್ರದೊಡನೆ ಬಂದ ಪುಸ್ತಿಕೆಯನ್ನು ತಿರುವುತ್ತಿದ್ದಳು. ನಾವು ಅದರ ಎರಡನೆಯ ಪುಟವನ್ನು ದಾಟಿರಲಿಲ್ಲ. ‘ಅಪ್ಪಾ, ಉಪ್ಪಿನ ಪಥ್ಯ ಇದ್ದವ್ರು ಈ ನೀರು ಕುಡಿಯೋ ಮೊದಲ ಡಾಕ್ಟರಿಗೆ ಕೇಳಬೇಕಂತ ಬರ್ದಾರ. ಆಯಿ ಕುಡೀತಾಳಲ್ಲ?’ ಎಂದಳು. ಆಮೇಲೆ ಶಾಲೆಯ ರಸಾಯನಶಾಸ್ತ್ರದಿಂದ ತಾನೇ ಲೆಕ್ಕ ಮಾಡಿ ತೋರಿಸಿದಳು. ಲೀಟರಿಗೆ 100 ಮಿಲಿಗ್ರಾಂ ಸುಣ್ಣವನ್ನು ತೆಗೆದರೆ 46 ಮಿಲಿಗ್ರಾಂ ಸೋಡಿಯಂ ನೀರಿಗೆ ಸೇರುವದು. ನಮ್ಮ 500ರ ನೀರಿನಲ್ಲಿ ಅದು 230 ಆಗುವದು. ಕುಡಿಯುವದು, ಚಹಾ, ಬೇಳೆ, ಅನ್ನ ಎಲ್ಲ ಸೇರಿ ಮೂರು ಲೀಟರು ಹೊಟ್ಟೆಗೆ ಹೋದರೆ 690 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು ಪ್ರಾಯದವರಿಗೆ ದಿನಕ್ಕೆ ಹೇಳಿರುವ ಮಿತಿಯೇ 2000 ಮಿಲಿಗ್ರಾಂ. ಅದರ ಮೂರರಲ್ಲೊಂದು ಪಾಲನ್ನು ನಾವು ಉಪ್ಪಿನ ಹೆಸರಿಲ್ಲದೆ ಅವ್ವನಿಗೆ ಕುಡಿಸುತ್ತಿದ್ದೆವು.

ನಾಲಿಗೆಗೆ ಅದು ಏಕೆ ತಿಳಿಯಲಿಲ್ಲವೆಂದು ವಾಚಕರು ಕೇಳಬಹುದು. ನಮ್ಮ ನೀರಿನಲ್ಲಿದ್ದ ಸುಣ್ಣದ ಬಹುಭಾಗವು ಬೈಕಾರ್ಬೊನೇಟಿನ ರೂಪದ್ದು. ಅದರ ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂದಾಗ ಆಗುವದು ಸೋಡಿಯಂ ಬೈಕಾರ್ಬೊನೇಟು. ಅಂದರೆ ಅಡಿಗೆ ಸೋಡಾ. ಅದು ಉಪ್ಪುಪ್ಪಾಗಿರುವದಿಲ್ಲ. ಬೇಳೆಯು ಮೂರು ಕೂಗಿಗೆ ಕರಗಿದ್ದರಲ್ಲಿ ಸುಣ್ಣವು ಹೋದುದರ ಪಾಲಿದ್ದಂತೆ ಈ ಸೋಡಾದ ಪಾಲೂ ಇದ್ದಿತು. ವೈದ್ಯರು ಬೇಡವೆಂದ ಚಿಟಿಕೆಯನ್ನು ನಾವು ಕೈಯಿಂದ ಹಾಕದೆ ಯಂತ್ರದಿಂದ ಹಾಕಿಸಿದ್ದೆವು.

ಮರುದಿನವೇ ವೈದ್ಯರಿಗೆ ಎಲ್ಲವನ್ನೂ ತಿಳಿಸಿದೆವು. ನೀರೊಂದೇ ಕಾರಣವೆಂದು ಹೇಳಲಾಗದಾದರೂ ಅದನ್ನು ಆ ಕ್ಷಣವೇ ನಿಲ್ಲಿಸಬೇಕೆಂದು ಅವರು ಅಪ್ಪಣೆ ಮಾಡಿ, ಗುಳಿಗೆಯನ್ನೂ ಬದಲಿಸಿದರು. ಕೆಲವು ವಾರಗಳಲ್ಲಿ ಒತ್ತಡವು ಇಳಿಯಿತು, ಪಾದದ ಬಾವು ಹೋಯಿತು. ಭರಣಿಯನ್ನು ನಾವು ಅಟ್ಟದಿಂದ ಇಳಿಸಿ ಅಡಿಗೆಯ ಮನೆಯ ಹಲಗೆಯ ಮೇಲೆ, ಮೊದಲಿನ ಜಾಗದಲ್ಲಿಯೇ ಇಟ್ಟೆವು. ಅವ್ವನು ಅದನ್ನು ಕಂಡು, ‘ಇರಲಿ ಬಿಡು ತಮ್ಮಾ, ನೀವೂ ತಿನ್ನೋರಿದ್ದೀರಿ’ ಎಂದಷ್ಟೇ ಅಂದಳು. ಆ ಕ್ಷಮೆಗೆ ನಾವು ಅರ್ಹರಾಗಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ನೀರುಗಳು. ನಳದ ನೀರು ಹೊಟ್ಟೆಗೆ. ಯಂತ್ರದ ನೀರು ಮೈಗೆ, ಬಟ್ಟೆಗೆ, ಪಾತ್ರೆಗೆ, ಗೀಜರಿಗೆ. ಅಡಿಗೆಯ ಕೊಡಕ್ಕೆ ಕೆಂಪು ದಾರವನ್ನು ಕಟ್ಟಿದ್ದೇವೆ. ಬಂದ ಅತಿಥಿಗಳಿಗೂ ಗೊಂದಲವಿಲ್ಲ. ಬೇಳೆಯನ್ನು ನಳದ ನೀರಿನಲ್ಲಿಯೇ ಎರಡು ತಾಸು ನೆನೆಯಿಡುತ್ತೇವೆ. ಬೇಯುವದಕ್ಕೆ ಮುಂಚೆ ಹುಣಿಸೆಯ ಹುಳಿಯನ್ನಾಗಲಿ ಟೊಮ್ಯಾಟೋವನ್ನಾಗಲಿ ಹಾಕುವದಿಲ್ಲ, ಹುಳಿಯೂ ಬೇಳೆಯನ್ನು ಬಿರುಸಾಗಿಸುವದು. ಹೀಗೆ ಮಾಡಿದರೆ ಬೇಳೆಯು ನಿಧಾನವಾಗಿಯಾದರೂ ಬೇಯುತ್ತದೆ.

ಇನ್ನು ಯಂತ್ರದ ಪೋಷಣೆಯ ವಿಷಯ. ಐದು ದಿನದ ಶಕ್ತಿಯಿದ್ದರೂ ನಾವು ನಾಲ್ಕನೆಯ ದಿನಕ್ಕೇ ಉಪ್ಪು ಕೊಡುತ್ತೇವೆ. ಒಂದೂಕಾಲು ಕಿಲೋ ಶುದ್ಧವಾದ ಹರಳುಪ್ಪನ್ನು ಒಂದು ಬಕೀಟು ನೀರಿನಲ್ಲಿ ಕರಗಿಸಿ, ತಿಳಿಯನ್ನು ಬಟ್ಟೆಯಿಂದ ಸೋಸಿ, ಯಂತ್ರದೊಳಗೆ ಅರ್ಧ ತಾಸಿನ ವರೆಗೆ ನಿಧಾನವಾಗಿ ಇಳಿಯಬಿಡಬೇಕು. ಅವಸರ ಮಾಡಿದರೆ ಉಪ್ಪು ಕಾಳುಗಳಿಗೆ ಹತ್ತದೆ ವ್ಯರ್ಥವಾಗುವದು. ಆಮೇಲೆ ಹೊರಬರುವ ನೀರಿನ ಹನಿಯು ನಾಲಿಗೆಗೆ ಉಪ್ಪೆನಿಸದವರೆಗೆ ತೊಳೆಯಬೇಕು. ಇದಕ್ಕೆ ಐವತ್ತು ಲೀಟರಿನಷ್ಟು ನೀರು ಬೇಕಾಗುವದು. ತಿಂಗಳಿಗೆ ಒಂಬತ್ತು ಹತ್ತು ಕಿಲೋ ಉಪ್ಪಿನ ಖರ್ಚನ್ನು ಮೊದಲೇ ಲೆಕ್ಕದಲ್ಲಿಡುವದು ಜಾಣತನ. ಒಂದು ಚಿಕ್ಕ ಸೀಸೆಯಲ್ಲಿ ನೀರಿಗೆ ಎರಡು ಹನಿ ಸಾಬೂನಿನ ದ್ರವವನ್ನು ಹಾಕಿ ಅಲುಗಿಸಿದರೆ, ನೊರೆ ನಿಂತರೆ ಮೆದು, ಹಾಲಿನಂತೆ ಮಬ್ಬಾದರೆ ಉಪ್ಪಿನ ಸಮಯ ಬಂದಿತೆಂದು ತಿಳಿಯಬೇಕು. ಈ ಪರೀಕ್ಷೆಗೆ ಹಳೆಯ ಕಾಲದ ಸಾದಾ ಸಾಬೂನೇ ಬೇಕು. ಹೊಸ ಮಾರ್ಜಕಗಳು ಗಡಸು ನೀರಿನಲ್ಲಿಯೂ ನೊರೆಯಾಗಿ ಮೋಸ ಮಾಡುತ್ತವೆ.

ಯಂತ್ರಕ್ಕೆ ಮೊದಲು ಒಂದು ಸೋಸುವ ಬುಟ್ಟಲನ್ನು ಕೂಡಿಸಬೇಕು; ಮಣ್ಣೂ ತುಕ್ಕೂ ಕಾಳುಗಳ ಮೇಲೆ ಕುಳಿತರೆ ಅವುಗಳ ಶಕ್ತಿ ಕುಂದುವದು. ಕಾಳುಗಳು ಎಂದೂ ಒಣಗಬಾರದು. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ಯಂತ್ರವನ್ನು ಮಾಳಿಗೆಯ ಮೇಲೆ ಇಡಲೇಬಾರದು. ಹಲವು ದಿನ ಊರಿಗೆ ಹೋಗಿ ಬಂದರೆ ಒಳಗೆ ನಿಂತ ನೀರನ್ನು ಚೆಲ್ಲಿ, ಮತ್ತೊಂದು ಸಲ ಉಪ್ಪು ಕೊಟ್ಟು ತೊಳೆದೇ ಬಳಸಬೇಕು.

ಹೊರಬಂದ ಉಪ್ಪಿನ ನೀರಿನ ವಿಷಯದಲ್ಲಿಯೂ ನಾವು ಎಡವಿದೆವು. ಮೊದಮೊದಲು ಅದನ್ನು ಹಿಂದಣ ಅಂಗಳಕ್ಕೆ ಬಿಟ್ಟೆವು. ಅವ್ವನು ತವರಿನಿಂದ ತಂದು ನೆಟ್ಟ ಕರಿಬೇವಿನ ಗಿಡವು ತಿಂಗಳೊಳಗೆ ಎಲೆಯುದುರಿಸಿ ಸತ್ತಿತು. ಸುತ್ತಲಿನ ಕರಿಮಣ್ಣು ಹಂಚಿನಂತೆ ಬಿಗಿಯಿತು. ಸವಳು ಹಿಡಿದ ಹೊಲದಲ್ಲಿ ಒಕ್ಕಲಿಗರು ಕಾಣುವದೂ ಇದನ್ನೇ. ಸೋಡಿಯಂ ಹೆಚ್ಚಾದ ಕರಿನೆಲವು ನೀರನ್ನು ಒಳಗೆ ಬಿಡುವದಿಲ್ಲ, ಬೇರಿಗೆ ಗಾಳಿಯನ್ನೂ ಕೊಡುವದಿಲ್ಲ. ಅದನ್ನು ಸರಿಪಡಿಸಲು ಅವರು ಜಿಪ್ಸಂ ಹಾಕುತ್ತಾರೆ, ಜಿಪ್ಸಮ್ಮೆಂದರೆ ಕ್ಯಾಲ್ಸಿಯಂ. ನಾವು ಬಚ್ಚಲಿನಲ್ಲಿ ಬೇಡವೆಂದು ತೆಗೆದ ಪದಾರ್ಥವನ್ನೇ ನೆಲವು ಬೇಡುತ್ತದೆ! ಈಗ ಉಪ್ಪಿನ ನೀರನ್ನು ಬಕೀಟಿನಲ್ಲಿ ಹಿಡಿದು ಶೌಚದ ಗುಂಡಿಗೆ ಹಾಕುತ್ತೇವೆ. ತೊಳೆದ ನೀರೂ ಅಲ್ಲಿಯೇ ಉಪಯೋಗವಾಗುವದರಿಂದ ನಷ್ಟವಿಲ್ಲ.

2024ರಲ್ಲಿ ನಾವು ಖೂಬಾ ಪ್ಲಾಟಿನ ಆ ಮನೆಯನ್ನು ಬಿಟ್ಟು ಊರಿನ ಇನ್ನೊಂದು ಬಡಾವಣೆಗೆ ಬಂದೆವು. ಯಂತ್ರದ ಎರಡೂ ಬಾಯಿಗಳಿಗೆ ಬಿರಡೆ ಬಿಗಿದು, ಒಳಗೆ ನೀರಿರುವಂತೆಯೇ ಇಬ್ಬರು ಎತ್ತಿ ಆಟೋದಲ್ಲಿಟ್ಟೆವು. ಅವ್ವನು ಮಡಿಲಲ್ಲಿ ಹೊಸ ಕರಿಬೇವಿನ ಸಸಿಯನ್ನು ಹಿಡಿದು ಅದರ ಪಕ್ಕದಲ್ಲಿ ಕುಳಿತಳು. ಹೊಸ ಮನೆಯ ನೀರನ್ನು ಅಳೆದರೆ 300 ಬಂದಿತು. ಅದೇ ಯಂತ್ರಕ್ಕೆ ಇಲ್ಲಿ ಎಂಟು ದಿನದ ಶಕ್ತಿ. ಮನೆ ಬದಲಿಸಿದವರು ಲೆಕ್ಕವನ್ನೂ ಬದಲಿಸಬೇಕು.

ಈ ಮಾಸದಲ್ಲಿ ಯಂತ್ರ ಕೊಳ್ಳಲಿರುವ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ಅರಿಕೆ ಇಷ್ಟೇ. ಯಂತ್ರವು ಒಂದನ್ನು ತೆಗೆದುಕೊಂಡರೆ ಇನ್ನೊಂದನ್ನು ಕೊಡುತ್ತದೆ. ಏನನ್ನು ಕೊಡುವದೆಂದು ಕೇಳಿ, ಅದು ನಿಮ್ಮ ಮನೆಯಲ್ಲಿ ಯಾರಿಗೆ ಆಗದೆಂದು ವಿಚಾರಿಸಿ, ಪುಸ್ತಿಕೆಯನ್ನು ಕಡೆಯ ಪುಟದ ವರೆಗೆ ಓದಿರಿ. ಮತ್ತು ಮನೆಯ ಹಿರಿಯರು ತಾವು ಉಪ್ಪು ಬಿಟ್ಟಿದ್ದೇವೆಂದು ಹೇಳಿದರೆ, ಭರಣಿಯನ್ನು ಅಟ್ಟಕ್ಕೇರಿಸುವ ಮೊದಲು ಕೊಡದೊಳಗಿನ ನೀರನ್ನು ಪರೀಕ್ಷಿಸಿರಿ.